ನಿಮ್ಮ ಅಜ್ಜನ ಲೈಸೆನ್ಸು ಹೋದದ್ದು

ಹೋದ ಬೇಸಿಗೆಯಲ್ಲಿ, ವಿಮಾನ ನಡೆಸುವುದನ್ನು ಕಲಿಯುತ್ತಿರುವ ಮೊಮ್ಮಗಳು ರಜೆಗೆ ಬಂದಿದ್ದಳು. ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಅವಳು ತನ್ನ ಡಾಕ್ಟರ್ ಪರೀಕ್ಷೆಯ ಮಾತು ತೆಗೆದಳು. ಕಣ್ಣು, ಕಿವಿ, ಎದೆ ನೋಡುವ ಮೊದಲು ಒಂದು ಫಾರಂ ತುಂಬಬೇಕಂತೆ. ಕುಡಿದು ಕಾರು ನಡೆಸಿ ಎಂದಾದರೂ ಕೇಸಾಗಿದೆಯೇ ಎಂಬ ಪ್ರಶ್ನೆಯೂ ಅದರಲ್ಲಿ ಇರುತ್ತದಂತೆ.

"ಕಾರಿಂದ ಬ್ಯಾರೆ, ವಿಮಾನದ್ದ ಬ್ಯಾರೆ. ನೆಲದ ಮ್ಯಾಲ ಕುಡದ್ರ ಮುಗಿಲಿಗೇನಾತು?" ಎಂದು ಅವಳ ಅಣ್ಣ ನಕ್ಕ.

"ಹಂಗಲ್ಲೋ. ಒಮ್ಮೆ ಕೇಸಾತಂದ್ರ ಮೊದಲ ಡಾಕ್ಟರ್ ಸಹಿ ನಿಂದರತೈತಿ. ಸಹಿ ಇಲ್ಲಂದ್ರ ಲೈಸೆನ್ಸ್ ಇದ್ರೂ ಇಲ್ಲದಂಗ. ಮುಚ್ಚಿಟ್ಟು ಸಿಕ್ಕೊಂಡ್ರಂತೂ ಮುಗೀತು, ಕುಡದಿದ್ದಕ್ಕಿಂತ ಅದ ದೊಡ್ಡ ತಪ್ಪು," ಎಂದಳು ಅವಳು.

ನಾನು ಸಾರಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. "ಅಜ್ಜೀ, ಸಾರು ನಮಗಿನ್ನಾ ಬೇಕಾಗಿತ್ತು" ಎಂದು ನೀವೆಲ್ಲ ಕೂಗಿದಿರಿ. ಬಿಸಿ ಮಾಡಿ ತರುತ್ತೇನೆಂದು ಸುಳ್ಳು ಹೇಳಿದೆ. ಸಾರು ಬಿಸಿಯಾಗಿಯೇ ಇತ್ತು. ಅದೇ ಪ್ರಶ್ನೆಯನ್ನು ಒಂದು ಕಾಲಕ್ಕೆ ನಿಮ್ಮ ಅಜ್ಜನಿಗೂ ಕೇಳಿದ್ದರು. ಅದನ್ನು ನಿಮ್ಮ ಮುಂದೆ ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ನಾನು ಬೇವೂರಿನ ಐಗಳ ಸಾಲೆಯಲ್ಲಿ ನಾಲ್ಕು ವರ್ಷ ಕಲಿತವಳು. ನಾಲ್ಕು ಜನ ಕುಳಿತಲ್ಲಿ ನನಗೆ ಮಾತು ಬರುವುದಿಲ್ಲ. ಕಾಗದದ ಮೇಲಾದರೆ ಹೇಗೋ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮಗೆ ಗೊತ್ತಿರುವ ಅಜ್ಜ ದಲಾಲಿ ಅಂಗಡಿಯಲ್ಲಿ ಜೋಳ, ಶೇಂಗಾ ತೂಗುತ್ತಿದ್ದ ಅಜ್ಜ. ನಾನು ಮದುವೆಯಾಗಿ ಬಂದಾಗ ಅವರು ಮೋಟಾರು ಡ್ರೈವರ್ ಆಗಿದ್ದರು. ಕೊಪ್ಪಳದಿಂದ ಇರಕಲ್ಲಗಡದ ಮೇಲೆ ಹಾಯ್ದು ಕುಷ್ಟಗಿಗೆ ಹೋಗುವ ಬಸ್ಸು ಅವರ ಕೈಯಲ್ಲಿತ್ತು. ಬಸ್ಸಿನ ಮಾಲೀಕರು ಕೊಪ್ಪಳದ ಒಬ್ಬ ವ್ಯಾಪಾರಸ್ಥರು. ಆಗ ನಮ್ಮ ಕಡೆ ಮೋಟಾರು ನಡೆಸಬಲ್ಲವರು ಬೆರಳೆಣಿಕೆಯ ಜನ. ನಿಮ್ಮ ಅಜ್ಜನ ಅಂಗಿಯ ಮೇಲೆ ನಂಬರಿನ ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಹುಣಸೆಹಣ್ಣು ಹಚ್ಚಿ ಅದನ್ನು ತಿಕ್ಕುವುದು ನನ್ನ ಕೆಲಸ. ನಿಜಾಮರ ಸೀಮೆಯಲ್ಲಿ ಕಚೇರಿ ಕಾಗದವೆಲ್ಲ ಉರ್ದುವಿನಲ್ಲಿ. ಲೈಸೆನ್ಸೂ ಹಾಗೆಯೇ. ನನಗೆ ಅದರಲ್ಲಿ ಒಂದಕ್ಷರವೂ ತಿಳಿಯುತ್ತಿರಲಿಲ್ಲ, ಆದರೆ ಕೆಳಗೆ ಎಡಗಡೆಗಿರುವ ಗುಂಡನೆಯ ಮುದ್ರೆ ದವಾಖಾನೆಯ ಡಾಕ್ಟರದ್ದು ಎಂದು ಮಾತ್ರ ಗೊತ್ತಿತ್ತು. ವರ್ಷಕ್ಕೊಮ್ಮೆ ಡಾಕ್ಟರು ನೋಡಿ, ಕಣ್ಣು ಸರಿ ಇವೆ, ಮೂರ್ಛೆ ಇಲ್ಲ, ತಲೆ ಸುತ್ತುವ ಜಡ್ಡಿಲ್ಲ ಎಂದು ಬರೆದು ಮುದ್ರೆ ಒತ್ತಬೇಕು. ಆ ಮುದ್ರೆ ಬಿದ್ದರೆ ಮಾತ್ರ ಮುಂದಿನ ವರ್ಷಕ್ಕೆ ಲೈಸೆನ್ಸು.

ಯುದ್ಧ ಶುರುವಾದ ಮೇಲೆ ಪೆಟ್ರೋಲು ಸಿಗದಾಯಿತು. ಮಾಲೀಕರು ಬಸ್ಸಿನ ಹಿಂದೆ ಒಂದು ದೊಡ್ಡ ಕಬ್ಬಿಣದ ಪೀಪಾಯಿ ಕೂಡಿಸಿದರು. ಅದರಲ್ಲಿ ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಕೈಯಿಂದ ತಿದಿ ತಿರುಗಿಸಿದರೆ ಹುಟ್ಟುವ ಹೊಗೆಯೇ ಬಸ್ಸನ್ನು ಓಡಿಸುತ್ತದೆ ಎಂದರು. ಜನ ನಂಬಲಿಲ್ಲ. ಓಡಿತು. ಏರು ಬಂದರೆ ಮಾತ್ರ ಎಲ್ಲರೂ ಇಳಿದು ದೂಡಬೇಕಾಗುತ್ತಿತ್ತು. "ಹತ್ತಿದ್ದಕ್ಕ ರೊಕ್ಕ ಕೊಡಬೇಕೋ, ದೂಡಿದ್ದಕ್ಕ ರೊಕ್ಕ ಇಸಗೋಬೇಕೋ?" ಎಂದು ಸಂತೆಗೆ ಹೋಗುವ ಹೆಂಗಸರು ಇವರನ್ನು ಕಾಡುತ್ತಿದ್ದರಂತೆ. ಇವರು ಮನೆಗೆ ಬಂದು ಅದನ್ನು ಹೇಳಿ ನಗುತ್ತಿದ್ದರು.

ಆ ನಗು ಭಾಳ ದಿನ ಉಳಿಯಲಿಲ್ಲ. ಪೀಪಾಯಿಯಿಂದ ಮುಂದಿನ ಯಂತ್ರಕ್ಕೆ ಒಂದು ಕೊಳವೆ ಬರುತ್ತಿತ್ತು. ಅದರ ಸಂದು ಇವರ ಕಾಲ ಹತ್ತಿರವೇ. ಆ ಸಂದು ಎಷ್ಟು ಸಲ ಅರಿವೆ ಸುತ್ತಿ ಮಣ್ಣು ಮೆತ್ತಿದರೂ ಬಿಡುತ್ತಿತ್ತು. ಚಳಿಗಾಲದಲ್ಲಿ ಮಂದಿ ಗಾಳಿ ಹೊಡೆಯುತ್ತದೆಂದು ಎರಡೂ ಕಡೆಯ ಪರದೆ ಇಳಿಬಿಟ್ಟು ಕಟ್ಟಿಬಿಡುತ್ತಿದ್ದರು. ಸಂಜೆ ಇವರು ಮನೆಗೆ ಬರುವಾಗ ಕಣ್ಣು ಕೆಂಪಗೆ, ಹಣೆಯ ನರ ಎದ್ದು, ಹೆಜ್ಜೆ ಆಚೀಚೆ ಬೀಳುತ್ತಿತ್ತು. ಊಟ ಮಾಡಿದ್ದು ನಿಲ್ಲುತ್ತಿರಲಿಲ್ಲ. ದವಾಖಾನೆಗೆ ಹೋಗೋಣ ಎಂದರೆ ಬೇಡ ಎನ್ನುತ್ತಿದ್ದರು.

"ಆ ಡಾಕ್ಟರ್ ಕಡೀಗೇ ಹೋಗಿ ತಲಿ ತಿರಗತೈತಿ ಅನ್ಲೇನು? ವರ್ಷಕ್ಕೊಮ್ಮೆ ಮುದ್ರಿ ಒತ್ತಾವ ಅವನ ಅಲ್ಲ?"

ಹೀಗಾಗಿ ನನ್ನ ಕೈಲಾದ ಔಷಧ ನಾನು ಮಾಡಿದೆ. ಅಲ್ಲಿಯೇ ನಾನು ತಪ್ಪಿದ್ದು.

ನನ್ನ ಮೊದಲ ಬಾಣಂತನ ಬೇವೂರಿನ ತವರಿನಲ್ಲಾಗಿತ್ತು. ಅಲ್ಲಿಯ ಸೂಲಗಿತ್ತಿ ಬಾಣಂತಿಯರಿಗೆ ತಲೆನೋವು ಬಂದರೆ ಸರಾಯಿಯಲ್ಲಿ ಅರಿವೆ ತೋಯಿಸಿ ಹಣೆಗೆ ಬಿಗಿದು ಕಟ್ಟುತ್ತಿದ್ದಳು. ಕುಡಿಸುವುದಲ್ಲ, ಕಟ್ಟುವುದು. ತಂಪಾಗಿ ನೋವು ಇಳಿಯುತ್ತಿತ್ತು. ನಾನು ಹೊರಡುವಾಗ ಉಳಿದದ್ದನ್ನು ಒಂದು ಸಣ್ಣ ಸೀಸೆಯಲ್ಲಿ ಹಾಕಿ, "ಹಸಿ ಮೈಯಾಕಿ ಅದಿ, ಇಟ್ಟಿರು ತಂಗಿ" ಎಂದು ನನ್ನ ಗಂಟಿನೊಳಗೆ ಇಟ್ಟಿದ್ದಳು. ಅದನ್ನು ನಾನು ಹಿತ್ತಲಲ್ಲಿ ಕುಳ್ಳಿನ ಬಣವೆಯೊಳಗೆ ಮುಚ್ಚಿಟ್ಟಿದ್ದೆ. ಏಕೆಂದರೆ ನಮ್ಮ ಅತ್ತೆ.

ನಿಮ್ಮ ಮುತ್ತಜ್ಜಿಯನ್ನು ನೀವು ಯಾರೂ ನೋಡಿಲ್ಲ. ದಿನಾ ಲಿಂಗಪೂಜೆಯಾಗದೆ ಹನಿ ನೀರು ಮುಟ್ಟುತ್ತಿರಲಿಲ್ಲ. ನಮ್ಮ ಮಾವ ಸಿಂದಿ ಕುಡಿದು ಕುಡಿದೇ ಹೋದವರು. ಗಂಡ ಹೋದ ಮೇಲೆ ಅತ್ತೆ ತಮ್ಮ ಹತ್ತು ವರ್ಷದ ಮಗನ ಕೈಯನ್ನು ಲಿಂಗದ ಮೇಲೆ ಇಡಿಸಿ ಕುಡಿಯುವುದಿಲ್ಲವೆಂದು ಆಣೆ ಮಾಡಿಸಿದ್ದರು. ಸರಾಯಿಯ ಸೀಸೆ ಹೊಸಿಲು ದಾಟಿ ಮನೆಗೆ ಬಂದಿದೆ, ಅದೂ ಸೊಸೆಯ ಗಂಟಿನಲ್ಲಿ ಎಂದು ಗೊತ್ತಾದರೆ ಅವರು ನನ್ನನ್ನು ಮರುದಿನವೇ ಬೇವೂರಿಗೆ ಕಳಿಸುತ್ತಿದ್ದರು. ಅದರಲ್ಲಿ ನನಗೆ ಸಂಶಯವಿರಲಿಲ್ಲ.

ಬೆಳಗ್ಗೆ ಇವರು ಹೊರಡುವ ಮುಂಚೆ, ಅತ್ತೆ ಪೂಜೆಗೆ ಕುಳಿತಿರುವಾಗ, ಹಿತ್ತಲಲ್ಲಿ ನಾನು ಅರಿವೆಯ ಪಟ್ಟಿ ತೋಯಿಸಿ ಇವರ ತಲೆಗೆ ಕಟ್ಟುತ್ತಿದ್ದೆ. ಅದರ ಮೇಲೆ ಇವರು ರುಮಾಲು ಸುತ್ತಿಕೊಳ್ಳುತ್ತಿದ್ದರು.

"ನಾತ ಬರತೈತೇನ?" ಎಂದು ಕೇಳುತ್ತಿದ್ದರು.

"ಇದ್ದಲಿ ಹೊಗಿ ಮುಂದ ಇದು ಎಲ್ಲಿ ಗೊತ್ತಾಗಬೇಕ್ರಿ," ಎನ್ನುತ್ತಿದ್ದೆ.

ತಲೆ ಹಗುರವಾಗುತ್ತದೆ ಎಂದು ಇವರು ಹೇಳಿದಾಗ ನನಗೆ ಹೆಮ್ಮೆಯಾಗುತ್ತಿತ್ತು. ಹಾಗೆ ನಾಲ್ಕೈದು ಸಲ ಕಟ್ಟಿರಬಹುದು.

ಪುಷ್ಯ ಮಾಸದ ಒಂದು ದಿನ, ಚಳಿ ಬಹಳ ಇತ್ತು. ಬಸ್ಸು ಇರಕಲ್ಲಗಡದಲ್ಲಿ ನಿಂತಾಗ ಅಲ್ಲಿಯ ಠಾಣೆಯ ಪೊಲೀಸ್ ಅಮೀನರು ಹತ್ತಿ ಡ್ರೈವರನ ಮಗ್ಗುಲ ಸೀಟಿನಲ್ಲಿ ಕುಳಿತರು. ಪರದೆಗಳೆಲ್ಲ ಕಟ್ಟಿದ್ದವು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಇವರಿಗೆ ರಸ್ತೆ ಎರಡಾಗಿ ಕಾಣತೊಡಗಿತಂತೆ. ಎಡಗಡೆಯದನ್ನು ಹಿಡಿದರು. ಅದು ರಸ್ತೆಯಾಗಿರಲಿಲ್ಲ. ಬಸ್ಸು ಬಿಳಿಜೋಳದ ಹೊಲದಲ್ಲಿ ನುಗ್ಗಿ ಒಂದು ಬದುವಿಗೆ ತಾಗಿ ನಿಂತಿತು. ದೇವರು ದೊಡ್ಡವನು, ಯಾರ ಜೀವಕ್ಕೂ ಏನಾಗಲಿಲ್ಲ. ಒಬ್ಬ ಮುದುಕಿಯ ಮುಂಗೈ ಉಳುಕಿತು. ಅಮೀನರ ಹಣೆ ಒಡೆಯಿತು.

ಇವರು ಇಳಿದು, ಎರಡು ಹೆಜ್ಜೆ ಇಟ್ಟು, ಬಸ್ಸಿನ ಗಾಲಿ ಹಿಡಿದು ವಾಂತಿ ಮಾಡಿಕೊಂಡರು. ರುಮಾಲು ಬಿಚ್ಚಿ ಕೆಳಗೆ ಬಿತ್ತು. ಹಣೆ ಒರೆಸಿಕೊಳ್ಳುತ್ತಾ ಹತ್ತಿರ ಬಂದ ಅಮೀನರ ಮೂಗಿಗೆ ಮೊದಲು ಸಿಕ್ಕಿದ್ದು ನಾನು ಕಟ್ಟಿದ ಪಟ್ಟಿಯ ವಾಸನೆ. ಕಣ್ಣು ಕೆಂಪು, ಕಾಲು ನಿಲ್ಲುತ್ತಿಲ್ಲ, ವಾಂತಿ, ಮೇಲೆ ಸರಾಯಿಯ ನಾತ. ಅವರಿಗೆ ಇನ್ನೇನು ಬೇಕು? ಹೊಲದಲ್ಲಿಯೇ ಪಂಚನಾಮೆ ಬರೆದು ನಾಲ್ವರ ಹೆಬ್ಬೆಟ್ಟು ಹಾಕಿಸಿಕೊಂಡರು. ಕುಡಿದು ಮೋಟಾರು ನಡೆಸಿದ ಆರೋಪ. ಬಿಲ್ಲೆಯನ್ನು ಅಲ್ಲಿಯೇ ಅಂಗಿಯಿಂದ ಕಿತ್ತುಕೊಂಡರು.

ನಮಗೆ ಸುದ್ದಿ ಬಂದದ್ದು ಮಧ್ಯಾಹ್ನ. ಇವರನ್ನು ಎತ್ತಿನ ಗಾಡಿಯಲ್ಲಿ ಕೊಪ್ಪಳದ ದವಾಖಾನೆಗೆ ತಂದಿದ್ದರು, ಡಾಕ್ಟರಿಂದ ಬರೆಸಿಕೊಳ್ಳುವುದಕ್ಕೆ. ಅತ್ತೆ ಬರಲಿಲ್ಲ. "ಅವನ ಅಪ್ಪನ್ನ ಹೊತ್ತಾಕಿದ್ದ ಸಾಕು, ನಾ ಒಲ್ಲೆ" ಎಂದು ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟರು. ನಾನು ರೊಟ್ಟಿಯ ಗಂಟು ಕಟ್ಟಿಕೊಂಡು, ಸೆರಗು ಮುಖದ ತನಕ ಎಳೆದುಕೊಂಡು ಒಬ್ಬಳೇ ಹೋದೆ. ಡಾಕ್ಟರ ಕೋಣೆಯ ಬಾಗಿಲ ಹೊರಗೆ ಗೋಡೆಗೆ ಹತ್ತಿ ನಿಂತೆ. ಒಳಗಿನ ಮಾತು ಎಲ್ಲ ಕೇಳುತ್ತಿತ್ತು. ಅಮೀನರು ತಮ್ಮ ಹಣೆಗೆ ಪಟ್ಟಿ ಹಾಕಿಸಿಕೊಳ್ಳಲು ಕಂಪೌಂಡರನ ಹತ್ತಿರ ಹೋಗಿದ್ದರು. ಒಳಗಿದ್ದವರು ಡಾಕ್ಟರು ಮತ್ತು ಇವರು ಇಬ್ಬರೇ.

ಆ ಡಾಕ್ಟರು ವಯಸ್ಸಾದವರು, ನಮ್ಮ ಮಾತು ಆಡುವವರು. ಇವರ ಬಾಯಿ ಮೂಸಿ ನೋಡಿದರಂತೆ. ಗೆರೆ ಎಳೆದು ಅದರ ಮೇಲೆ ನಡೆಸಿದರು. ಅಷ್ಟೊತ್ತಿಗೆ ಗಾಡಿಯ ಮೇಲೆ ಗಾಳಿ ಬಡಿದು ಇವರು ಸುಧಾರಿಸಿದ್ದರು, ನೆಟ್ಟಗೆ ನಡೆದರು.

"ಬಾಯಾಗ ಏನೂ ಇಲ್ಲ. ತಲ್ಯಾಗಿಂದ ಯಾಕ ಬರತೈತೋ?" ಎಂದರು ಡಾಕ್ಟರು.

ಇವರು ಪಟ್ಟಿಯ ಸಂಗತಿ ಹೇಳಿದರು. ಯಾರು ಕಟ್ಟಿದರು ಎಂದು ಹೇಳಲಿಲ್ಲ.

"ಯಾಕ ಕಟಗೊಂಡಿದ್ದಿ?"

"ತಲಿನೋವ್ರೀ."

"ಎದರಿಂದ?"

 ಆಮೇಲೆ ಕೊಳವೆಯ ಸಂದು, ಪರದೆ, ದಿನಾ ಸಂಜೆ ಆಗುವ ತಲೆಸುತ್ತು ಎಲ್ಲ ಒಂದೊಂದಾಗಿ ಹೊರಗೆ ಬಂತು. ಡಾಕ್ಟರು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಅವರು ಹೇಳಿದ್ದು ನನಗೆ ಇಂದಿಗೂ ಅಕ್ಷರಕ್ಕಕ್ಷರ ನೆನಪಿದೆ.

"ನೀ ಹೇಳೂದು ಖರೆ ಐತಿ. ಮುಚ್ಚಿದ ಖೋಲ್ಯಾಗ ಇದ್ದಲಿ ಇಟ್ಟು ಮಲಗಿದವರು ಏಳೂದಿಲ್ಲ. ಅದ ಗಾಳಿ ನಿನಗ ಹತ್ತೇತಿ. ಹಂಗಂತ ಬರದು ಕೊಟ್ರ ಕುಡದ ಕೇಸು ಉಳಿಯೂದಿಲ್ಲ. ಆದ್ರ ತಮ್ಮಾ, ತಲಿ ತಿರುಗಿ ಬಸ್ಸು ಹೊಲಕ್ಕ ಹೊಕ್ಕಿತು ಅಂತ ನನ್ನ ಕೈಯಿಂದ ಬರದ ಮ್ಯಾಲ, ಮುಂದಿನ ವರ್ಷ ಇವಗ ತಲಿ ತಿರಗೂದಿಲ್ಲ ಅಂತ ಅದ ಕೈಯಿಂದ ಹೆಂಗ ಬರೀಲಿ? ನಾ ಅಲ್ಲ, ಯಾವ ಡಾಕ್ಟರೂ ಬರಿಯೂದಿಲ್ಲ. ಜಡ್ಡಿನ ಮನಷಾ ಅಂತ ಒಮ್ಮೆ ಆತಂದ್ರ ಜನ್ಮಕ್ಕ ಲೈಸೆನ್ಸಿಲ್ಲ."

"ಕುಡದೀನಿ ಅಂದ್ರ?"

"ಮುನಸೀಫರು ದಂಡ ಹಾಕ್ತಾರ. ಲೈಸೆನ್ಸು ಆರು ತಿಂಗಳು ಜಪ್ತಿ ಮಾಡ್ತಾರ. ಆಮ್ಯಾಲ ಕೊಡ್ತಾರ."

 ನಾನು ಒಳಗೆ ಹೋಗಿ, ಸಾಹೇಬರೇ, ಇವರು ಕುಡಿಯುವವರಲ್ಲ, ಆ ಸೀಸೆ ನನ್ನದು, ಸುಳ್ಳು ಬರೆಯಬೇಡಿ ಎಂದು ಹೇಳಬೇಕೆಂದುಕೊಂಡೆ. ಹೇಳಿದರೆ ಲೈಸೆನ್ಸು ಜನ್ಮಕ್ಕೆ ಹೋಗುತ್ತದೆ. ಹೇಳದಿದ್ದರೆ ನನ್ನ ಗಂಡ ಕುಡುಕ ಆಗುತ್ತಾನೆ. ಯಾವುದು ಕಡಿಮೆ ಕೇಡು ಎಂದು ನನಗೆ ತಿಳಿಯಲಿಲ್ಲ. ಬಾಗಿಲ ತನಕ ಹೋದೆ. ಇವರು ನನ್ನನ್ನು ನೋಡಿದರು. ಬೇಡ ಎನ್ನುವ ಹಾಗೆ ತಲೆ ಅಲ್ಲಾಡಿಸಿ ಡಾಕ್ಟರ ಕಡೆ ತಿರುಗಿದರು.

"ಕುಡದೀನಿ ಅಂತ ಕಬೂಲ್ ಮಾಡ್ತೀನ್ರಿ. ಆರು ತಿಂಗಳ ಅಲ್ಲೇನ್ರಿ, ಕಣ್ಣು ಮುಚ್ಚಿ ತೆಗಿಯೂದ್ರಾಗ ಹೋಕ್ಕಾವ."

ಡಾಕ್ಟರು ತಮ್ಮ ಕಾಗದದಲ್ಲಿ ಬಟ್ಟೆಯಿಂದ ಸರಾಯಿಯ ವಾಸನೆ ಬರುತ್ತಿತ್ತು ಎಂದಷ್ಟೇ ಬರೆದರಂತೆ. ಹೆಚ್ಚಿಗೆ ಒಂದು ಮಾತೂ ಇಲ್ಲ, ಕಡಿಮೆಯೂ ಇಲ್ಲ. ಅದು ಅವರ ದೊಡ್ಡತನ ಎಂದು ಆಗ ಅಂದುಕೊಂಡೆವು.

ಕೋರ್ಟಿನಲ್ಲಿ ಮುನಸೀಫರ ಮುಂದೆ ಇವರು ಕಬೂಲ್ ಮಾಡಿ, ಉರ್ದುವಿನಲ್ಲಿ ಬರೆದ ಕಾಗದದ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದರು. ಲೈಸೆನ್ಸು ಆರು ತಿಂಗಳು ಜಪ್ತಿಯಾಯಿತು. ಮಾಲೀಕರು ಒಳ್ಳೆಯವರು. ಗಂಗಾವತಿಯಿಂದ ಒಬ್ಬ ಡ್ರೈವರನನ್ನು ಕರೆಸಿಕೊಂಡು, "ಆರು ತಿಂಗಳು ನಿನ್ನ ಸೀಟು ಕಾಯ್ತೀನಿ, ಅಲ್ಲೀತನಕ ಇದ್ದಲಿ ಒಟ್ಟು ಹೋಗು" ಎಂದು ಬಸ್ ನಿಲ್ಲುವಲ್ಲಿಯೇ ಕೆಲಸ ಕೊಟ್ಟರು. ಇವರು ತಮ್ಮದೇ ಬಸ್ಸಿಗೆ ಇದ್ದಿಲು ತುಂಬಿ, ತಿದಿ ತಿರುಗಿಸಿ, ಇನ್ನೊಬ್ಬ ಅದನ್ನು ಓಡಿಸಿಕೊಂಡು ಹೋಗುವುದನ್ನು ನೋಡುತ್ತ ನಿಲ್ಲುತ್ತಿದ್ದರು.

ಮಂದಿಯ ಬಾಯಿ ಕೇಳಬೇಕೇ? "ಡ್ರೈವರ್ ಸಾಹೇಬ್ರ, ಇವತ್ತ ಪೀಪಾಯಿಗೆ ಇದ್ದಲಿ ಹಾಕೀರೋ, ಸರಾಯಿ ಹಾಕೀರೋ?" ಎಂದು ಕೇಳುವವರು. "ಅಂವ ಹೊಟ್ಟಿಗೆ ಹಾಕ್ಕೊಂಡು ಉಳದದ್ದ ಅದಕ್ಕ ಹಾಕ್ತಾನ" ಎಂದು ಇನ್ನೊಬ್ಬ. ಇವರೂ ನಕ್ಕುಬಿಡುತ್ತಿದ್ದರಂತೆ. ಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ. ಅತ್ತೆ ಮಗನ ತಾಟು, ತಂಬಿಗೆ ಬೇರೆ ಮಾಡಿದರು. ಪೂಜೆಯ ಕೋಣೆಯ ಹೊಸಿಲು ದಾಟಗೊಡಲಿಲ್ಲ.

"ಲಿಂಗದ ಮ್ಯಾಲ ಕೈ ಇಟ್ಟು ಆಣಿ ಮಾಡಿದ್ದೆಲ್ಲೋ," ಎಂದರು ಒಂದು ದಿನ. ಕೂಗಲಿಲ್ಲ, ಮೆಲ್ಲಗೇ ಅಂದರು.

"ತಪ್ಪಾತು ಯವ್ವಾ," ಎಂದರು ಇವರು.

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಎದ್ದು ಬಂದು ಅತ್ತೆಯ ಕಾಲು ಹಿಡಿಯಬೇಕು ಎಂದು ಕೈ ತೊಳೆದುಕೊಂಡೆ. ಇವರು ಹಿತ್ತಲಿಗೆ ಹೋಗುವ ನೆವದಲ್ಲಿ ನನ್ನ ಹತ್ತಿರ ಬಂದು, "ಆರು ತಿಂಗಳು ಬಾಯಿ ಮುಚ್ಚಿಕೊಂಡಿರು. ಬಿಲ್ಲಿ ಕೈಗೆ ಬಂದ ದಿನ ನಾನ ಅವ್ವಗ ಎಲ್ಲಾ ಹೇಳತೀನಿ. ಈಗ ಹೇಳಿದ್ರ ಆಕಿ ಓಣಿ ತುಂಬ ಹೇಳತಾಳ, ನನ್ನ ಮಗ ಕುಡದಿಲ್ಲ, ಜಡ್ಡ ಇತ್ತು ಅಂತ. ಅದು ದವಾಖಾನಿ ಮುಟ್ಟಾಕ ಎಷ್ಟೊತ್ತು?" ಎಂದರು. ಸರಿ ಎನ್ನಿಸಿತು. ಸೀಸೆಯನ್ನು ಹಿತ್ತಲ ತಿಪ್ಪೆಯಲ್ಲಿ ಒಡೆದು ಹೂತೆ.

ಆರು ತಿಂಗಳನ್ನು ನಾನು ಹೇಗೆ ಎಣಿಸಿದೆನೋ ನನಗೇ ಗೊತ್ತು. ಮೃಗಶಿರಾ ಮಳೆ ಬಂದು ಹೋಯಿತು. ಇವರ ಜಪ್ತಿಯೂ ಮುಗಿಯಿತು. ಆ ನಡುವೆ ವರ್ಷದ ಅವಧಿಯೂ ತೀರಿದ್ದರಿಂದ ಹೊಸ ಲೈಸೆನ್ಸಿಗೆ ಮತ್ತೆ ಡಾಕ್ಟರ ಮುದ್ರೆ ಬೇಕಾಗಿತ್ತು. ಅದಕ್ಕೆ ನಾವು ಹೆದರಿರಲಿಲ್ಲ. ಇವರ ತಲೆಸುತ್ತು ಪೂರಾ ನಿಂತಿತ್ತು. ಬಯಲಲ್ಲಿ ನಿಂತು ಕೆಲಸ ಮಾಡುವುದರಿಂದ ಮುಖಕ್ಕೆ ಕಳೆ ಬಂದಿತ್ತು. ನಾನು ಬೆಳ್ಳಗೆ ಒಗೆದ ಅಂಗಿ ಕೊಟ್ಟೆ. "ನೀನೂ ಬಾ. ಹಂಗ ಬಜಾರದಾಗ ನಿನಗ ಬಳಿ ಕೊಡಸ್ತೀನಿ" ಎಂದರು. ಹೀಗಾಗಿ ನಾನೂ ಹೋದೆ.

ಹಳೆಯ ಡಾಕ್ಟರು ಇರಲಿಲ್ಲ. ಅವರಿಗೆ ಬೇರೆ ಊರಿಗೆ ಬದಲಿಯಾಗಿ ಎರಡು ತಿಂಗಳಾಗಿತ್ತು. ಹೊಸಬರು ಹೈದರಾಬಾದ್ ಕಡೆಯ ಯುವಕರು, ಉರ್ದುವಿನ ಹೊರತು ಬೇರೆ ಮಾತು ಬಾರದು. ಕಂಪೌಂಡರ್ ನಡುವೆ ನಿಂತು ತಿಳಿಸಿ ಹೇಳುತ್ತಿದ್ದ. ಮೇಜು ಬಾಗಿಲ ಹತ್ತಿರವೇ ಇತ್ತು, ನಾನು ಹೊಸಿಲಲ್ಲಿ ನಿಂತೆ. ಕಣ್ಣು ನೋಡಿದರು, ಎದೆ ನೋಡಿದರು, ಒಂಟಿ ಕಾಲಲ್ಲಿ ನಿಲ್ಲಿಸಿದರು. ಎಲ್ಲ ಸರಿ ಇತ್ತು. ಆಮೇಲೆ ಒಂದು ಅಚ್ಚಾದ ಕಾಗದ ತೆಗೆದು ಒಂದೊಂದೇ ಪ್ರಶ್ನೆ ಓದತೊಡಗಿದರು.

"ಮೂರ್ಛೆ ಐತೇನು?"

"ಇಲ್ರಿ."

"ತಲಿ ತಿರಗತೈತೇನು?"

"ಇಲ್ರಿ."

"ನಶಾ ಮಾಡೂ ಚಾಳಿ ಐತೇನು?"

"ಇಲ್ರಿ," ಎಂದರು ಇವರು.

ಡಾಕ್ಟರು ತಲೆ ಎತ್ತಿದರು. ಮೇಜಿನ ಮೇಲಿನಿಂದ ಇನ್ನೊಂದು ಕಾಗದ ತೆಗೆದು ಮುಂದೆ ಇಟ್ಟರು. ಜಪ್ತಿಯಾದ ಲೈಸೆನ್ಸಿನ ಸಂಗಡ ಕೋರ್ಟಿನಿಂದ ಬಂದ ಕಬೂಲಿಯ ನಕಲು ಅದು. ಕೆಳಗೆ ಇವರ ಕನ್ನಡ ಸಹಿ. ಆ ಕಾಗದದಲ್ಲಿ ನಾನು ಓದಬಲ್ಲದ್ದು ಅದೊಂದೇ.

ನಶೆಯ ಪ್ರಶ್ನೆಯೊಂದು ಆ ಅಚ್ಚಾದ ಕಾಗದದಲ್ಲಿ ಇದೆ ಎಂದು ನಮಗೆ ಗೊತ್ತಿರಲಿಲ್ಲ. ಹಳೆಯ ಡಾಕ್ಟರು ಪ್ರತಿವರ್ಷ ಇವರ ಮುಖ ನೋಡಿ ಅಲ್ಲಿ ತಾವೇ ಇಲ್ಲ ಎಂದು ಬರೆದುಬಿಡುತ್ತಿದ್ದರು. ಕೇಸು ಲೈಸೆನ್ಸಿನದು, ಜಡ್ಡು ಡಾಕ್ಟರದು, ಎರಡಕ್ಕೂ ಬೇರೆ ಬೇರೆ ಬಾಗಿಲು ಎಂದು ನಾವು ತಿಳಿದಿದ್ದೆವು. ಹಳೆಯ ಡಾಕ್ಟರೂ ಹಾಗೆಯೇ ತಿಳಿದಿದ್ದರೋ, ಅಥವಾ ತಾವೇ ಇದ್ದು ಸಹಿ ಹಾಕಿಕೊಡುತ್ತೇನೆ ಎಂದುಕೊಂಡಿದ್ದರೋ, ಈಗ ಯಾರನ್ನು ಕೇಳುವುದು?

"ಕುಡಿಯೂ ಚಾಳಿ ಇದ್ದವಗ ಮೋಟಾರು ನಡಸಾಕ ತಾಕತ್ತೈತಿ ಅಂತ ಬರಿಯಾಕ ಬರೂದಿಲ್ಲಂತ," ಎಂದ ಕಂಪೌಂಡರ್. "ಮ್ಯಾಲ ಈಗ ಇಲ್ಲ ಅಂತ ಸುಳ್ಳು ಬ್ಯಾರೆ ಹೇಳಿದಿ ಅಂತಾರ."

ಆಗ ಇವರು ಕೈ ಜೋಡಿಸಿದರು. ನಿಮ್ಮ ಅಜ್ಜ ಯಾರ ಮುಂದೆಯೂ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದರು. ಇದ್ದಿಲಿನ ಗಾಳಿ, ತಲೆಸುತ್ತು, ಹಣೆಯ ಪಟ್ಟಿ, ಆರು ತಿಂಗಳ ಆಸೆಗೆ ಮಾಡಿದ ಕಬೂಲಿ. ಕಂಪೌಂಡರ್ ಒಂದೊಂದಾಗಿ ಉರ್ದುವಿಗೆ ತಿರುಗಿಸಿದ. ಡಾಕ್ಟರು ಸಿಟ್ಟಾಗಲಿಲ್ಲ. ಬೆರಳಿನಿಂದ ಮೇಜು ತಟ್ಟುತ್ತ ಕೇಳಿದರು. ಆಮೇಲೆ ಎರಡು ಮಾತು ಆಡಿದರು.

"ಏನಂತಾರ?" ಎಂದರು ಇವರು.

ಕಂಪೌಂಡರನಿಗೂ ಹೇಳಲು ಕಷ್ಟವಾಯಿತೇನೋ, ಕೊರಳು ಕೆರೆದುಕೊಂಡ. "ನೀ ಈಗ ಹೇಳಿದ್ದು ಖರೆ ಇದ್ರ ನಿನಗ ತಲಿ ತಿರಗೂ ಜಡ್ಡೈತಿ, ಮುದ್ರಿ ಒತ್ತಾಕ ಬರೂದಿಲ್ಲ. ಸುಳ್ಳಿದ್ರ ನೀ ಕುಡಕ, ಆಗೂ ಬರೂದಿಲ್ಲ. ಎರಡ್ರಾಗ ಯಾವುದು ಬರೀಲಿ, ನೀನ ಹೇಳು ಅಂತಾರ."

ಇವರು ಮೇಜಿನ ಮೇಲಿನ ತಮ್ಮ ಸಹಿಯನ್ನೇ ನೋಡಿದರು. 

ಆ ಹೊತ್ತಿನಲ್ಲಿ ನನಗೆ ಏನಾಯಿತೋ. ಪರಗಂಡಸರ ಮುಂದೆ ಎಂದೂ ಮಾತಾಡದ ನಾನು ಒಳಗೆ ಹೋಗಿ, ಸೆರಗಿನ ಒಳಗಿಂದಲೇ, "ಸಾಹೇಬ್ರ, ಆ ಸರಾಯಿ ನಂದರಿ. ಇವರದಲ್ಲ" ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಹೇಳಬೇಕಾದದ್ದು ಇನ್ನೂ ಇತ್ತು. ಸೂಲಗಿತ್ತಿ ಕೊಟ್ಟದ್ದು, ಕುಡಿಯುವುದಕ್ಕಲ್ಲ, ನಾನೇ ಕಟ್ಟಿದ್ದು ಎಂದು. ಅಷ್ಟು ಹೇಳಲು ಪುರುಸೊತ್ತು ಸಿಗಲಿಲ್ಲ. ಬೆಂಚಿನ ಮೇಲೆ ಔಷಧಕ್ಕೆ ಕುಳಿತಿದ್ದವನೊಬ್ಬ, "ಅಯ್ಯ ಶಿವನ, ಗಂಡಾ ಹೆಂಡ್ತಿ ಇಬ್ರೂ ಅದಾರಲ್ಲೋ!" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ಡಾಕ್ಟರು ಕಂಪೌಂಡರನನ್ನು ಏನೆಂದು ಕೇಳಿದರು. ಅವನು ಕೈ ಬೀಸಿ, ಏನೂ ಇಲ್ಲ ಎನ್ನುವಂತೆ ಏನೋ ಹೇಳಿದ. ನನ್ನ ಮಾತು ಅವರಿಗೆ ಮುಟ್ಟಲೇ ಇಲ್ಲ. ಮುಟ್ಟಿದ್ದರೂ ಏನಾಗುತ್ತಿತ್ತು? ಅವರು ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಮುದ್ರೆ ಬೀಳಲಿಲ್ಲ. ಅನರ್ಹ ಎಂಬ ಉರ್ದು ಮಾತನ್ನು ಕೆಂಪು ಮಸಿಯಲ್ಲಿ ಬರೆದುಕೊಟ್ಟರು. ಇವರು ಮುಂದೆ, ನಾನು ಹಿಂದೆ ನಡೆದೆವು. ಬಜಾರು ದಾಟಿತು. ಬಳೆಗಾರನ ಅಂಗಡಿ ಬಂತು, ಹೋಯಿತು. ಓಣಿಯ ತಿರುವಿನಲ್ಲಿ ಇವರು ನಿಂತು, ನನ್ನ ಕಡೆ ತಿರುಗದೆ ಹೇಳಿದರು.

"ಅವ್ವನ ಮುಂದ ಏನೂ ಅನಬ್ಯಾಡ."

"ಇನ್ನ ಯಾಕ ಮುಚ್ಚಿಡೂದ್ರಿ? ಲೈಸೆನ್ಸು ಹೋತಲ್ಲ. ಕುಡದಿಲ್ಲ ಅಂತ ಆಕಿಗಾದ್ರೂ ಗೊತ್ತಾಗಲಿ."

"ಲೈಸೆನ್ಸು ಹೋತು. ನಿನ್ನೂ ಬೇವೂರಿಗೆ ಕಳಸ್ಲೇನು? ಕೂಸು ಸಣ್ಣದೈತಿ. ನಡಿ."

ಮುಂದೆ ಅವರು ಎರಡು ಸಲ ಯಲಬುರ್ಗಿಗೂ ಒಮ್ಮೆ ಗಂಗಾವತಿಗೂ ಹೋಗಿ ಬೇರೆ ದವಾಖಾನೆಯವರನ್ನು ಕೇಳಿ ನೋಡಿದರು. ಕೊಪ್ಪಳದ ಕೆಂಪು ಮಸಿ ಎಲ್ಲ ಕಡೆ ಅವರಿಗಿಂತ ಮೊದಲೇ ಹೋಗಿ ಕುಳಿತಿರುತ್ತಿತ್ತು. ಗಂಗಾವತಿಯ ಡ್ರೈವರನೇ ಇವರ ಸೀಟಿಗೆ ಕಾಯಂ ಆದ. ಮಾಲೀಕರು ಆ ಕೊಳವೆಯ ಸಂದನ್ನು ಬೆಸೆಯಿಸಿದರು ಎಂದು ಆಮೇಲೆ ಕೇಳಿದೆವು. ನಿಮ್ಮ ಅಜ್ಜ ದಲಾಲಿ ಅಂಗಡಿ ಸೇರಿದರು.

ಅತ್ತೆ ಅವರ ತಾಟು ಬೇರೆ ಇಟ್ಟದ್ದನ್ನು ಕಾಲಕ್ರಮದಲ್ಲಿ ಬಿಟ್ಟರು. ಆದರೆ ಒಂದು ನೇಮವನ್ನು ಬಿಡಲಿಲ್ಲ. ಸಂಜೆ ಅಂಗಡಿಯಿಂದ ಬಂದು ಕಾಲು ತೊಳೆದುಕೊಂಡ ಮೇಲೆ ಇವರು ಅತ್ತೆ ಮಲಗುವ ಹೊರಸಿನ ಹತ್ತಿರ ಬಂದು ಬಗ್ಗಬೇಕು. "ಬಾಯಿ ತಗಿ" ಎನ್ನುವರು ಅತ್ತೆ. ಇವರು ತೆರೆಯುವರು. ಅತ್ತೆ ಮೂಸಿ ನೋಡಿ, "ಇವತ್ತ ಕುಡದಿಲ್ಲ. ಹೋಗು, ಉಣ್ಣು" ಎನ್ನುವರು. ಒಂದು ದಿನವೂ ಅವರು "ನನ್ನ ಮಗ ಕುಡಿಯುವುದಿಲ್ಲ" ಎನ್ನಲಿಲ್ಲ. ಇವತ್ತು ಎಂದೇ ಅಂದರು. ಇವರ ಮೀಸೆ ನರೆಯಿತು. ನಿಮ್ಮ ಅಪ್ಪಂದಿರು ಹುಟ್ಟಿ, ಅದನ್ನು ನೋಡುತ್ತ, ಎಲ್ಲರ ಮನೆಯಲ್ಲಿಯೂ ಹೀಗೆಯೇ ಇರುತ್ತದೆ ಎಂದುಕೊಂಡು ಬೆಳೆದರು. ನಾನು ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದೆ. ಮೊದಮೊದಲು ಇವತ್ತು ಹೇಳಿಯೇ ಬಿಡುತ್ತೇನೆ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಆಮೇಲೆ ವರ್ಷಗಳು ಆದಷ್ಟೂ ಹೇಳುವುದು ಇನ್ನೂ ಕಠಿಣವಾಯಿತು. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಅತ್ತೆ ಕೇಳಿದರೆ ಏನೆನ್ನಲಿ?

ಅತ್ತೆಯನ್ನು ಮಣ್ಣು ಮಾಡಿ ಬಂದ ಮರುದಿನವೇ ಇವರು ಅಂಗಡಿಗೆ ಹೋದರು. ಸಂಜೆ ಬಂದು ಕಾಲು ತೊಳೆದುಕೊಂಡರು. ಹೊರಸನ್ನು ಎತ್ತಿ ಗೋಡೆಗೆ ಆನಿಸಿಟ್ಟಿದ್ದೆವು. ಇವರು ಆ ಖಾಲಿ ಜಾಗದ ಹತ್ತಿರ ಹೋಗಿ ದಿನದಂತೆ ನಿಂತರು. ನಾನು ಬಾಗಿಲಲ್ಲಿಯೇ ಇದ್ದೆ.  ಆಮೇಲೆ ಅವರು ಬಂದು ಕುಳಿತರು, ನಾನು ರೊಟ್ಟಿ ಬಡಿಸಿದೆ.